ಗಫೂರ ಸಾಹೇಬರ ಉಸಿರೂ ತೂಫಾನ್ ನೆಟ್ಟೂ

ಬೀದರ ಜಿಲ್ಲೆಯಲ್ಲಿ ಜಾಝ್ ಸಂಗೀತದ ರಸಿಕರು ಒಟ್ಟು ಮೂರು ಜನ ಇದ್ದಾರೆ. ಸಂಘ ನೋಂದಾಯಿಸಲು ಏಳು ಜನರಾದರೂ ಬೇಕೆಂದು ಕಾಯಿದೆ ಹೇಳುವುದರಿಂದ ಉಳಿದ ನಾಲ್ವರು ನನ್ನ ಭಾವಮೈದುನರು. ಅವರಲ್ಲಿ ಹಿರಿಯವನು ಜಾಝ್ ಎಂದರೆ ಯಾವುದೋ ಹೊಸ ಕಂಪನಿಯ ಮಿಕ್ಸರ್ ಎಂದು ಇಂದಿಗೂ ತಿಳಿದಿದ್ದಾನೆ. ಇರಲಿ, ಸಹಿ ಮಾತ್ರ ಮುತ್ತಿನಂಥದು.

ಬೀದರ ಜಿಲ್ಲಾ ಜಾಝ್ ರಸಿಕರ ಮಂಡಳಿಯ ಗೌರವ ಕಾರ್ಯದರ್ಶಿ ನಾನು, ಶಿವಕಾಂತ, ನಿವೃತ್ತ ಶಿರಸ್ತೇದಾರ. ಅಧ್ಯಕ್ಷರು ಮೈಲೂರಿನ ಕಪಿಲ ಅವರು, ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಾರೆ. ಖಜಾಂಚಿ ಭಾಲ್ಕಿಯ ಪಂಢರಿ, ಮದುವೆಗಳಿಗೆ ಸ್ಪೀಕರ್, ಲೈಟು, ಬ್ಯಾಂಡು ಒದಗಿಸುವವರು. ಪ್ರತಿ ರವಿವಾರ ಊಟವಾದ ಮೇಲೆ ಚಿದ್ರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸಭೆ ಸೇರುತ್ತದೆ. ಓಣಿಯ ಜನ ಕಿಟಕಿಯಲ್ಲಿ ಇಣುಕಿ ನಗುತ್ತಾರೆ. ನಗಲಿ. ನಾಯಿ ಬೊಗಳಿದರೆ ದೇವಲೋಕ ಹಾಳಾಗುವುದಿಲ್ಲ.

ನಿಯಮಾವಳಿಯ ಪ್ರಕಾರ ಸಭೆಯ ಮೊದಲನೆಯ ವಿಷಯ ಸದಸ್ಯರ ಮನೆಗಳ ಇಂಟರ್ನೆಟ್ ವೇಗ, ಎರಡನೆಯದು ಸಂಗೀತ. ಎರಡನೆಯ ವಿಷಯಕ್ಕೆ ನಾವು ಎಷ್ಟೋ ಸಲ ತಲುಪಿಯೇ ಇಲ್ಲ.

"ನಿನ್ನಿ ಒಬ್ಬ ಸ್ಯಾಕ್ಸೋಫೋನಿನವನ್ನ ಹುಡುಕಿದೇನ್ರಿ," ಎಂದು ಪಂಢರಿ ಶುರು ಮಾಡುತ್ತಾರೆ. "ಏನ್ ಊದ್ತಾನ್ರೀ ಮಗಾ!"

"ಎಷ್ಟು ಎಂ.ಬಿ.ದಾಗ ಕೇಳಿದ್ರಿ?" ಎಂದು ಕಪಿಲ ಕೇಳುತ್ತಾರೆ.

"ಹದಿನೆಂಟರಾಗ."

"ಹದಿನೆಂಟರಾಗ ಯಾವನರ ಛಲೋ ಊದ್ತಾನ ಬಿಡ್ರಿ. ನಮ್ಮ ಮೈಲೂರಿಗೆ ಬಂದು ಎರಡರಾಗ ಕೇಳ್ರಿ. ಆವಾಗ ಅವನ ತಾಕತ್ತು ತಿಳೀತದ."

ಈ ಮಾತಿನಲ್ಲಿ ತಪ್ಪೇನೂ ಇಲ್ಲ. ಎರಡು ಎಂ.ಬಿ.ಯಲ್ಲಿ ಹಾಡು ನಡುನಡುವೆ ನಿಲ್ಲುತ್ತದೆ, ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗುತ್ತದೆ. ಮೊದಮೊದಲು ನಾವೂ ಅಜ್ಞಾನಿಗಳಂತೆ ಆ ಚಕ್ರಕ್ಕೆ ಬೈಯುತ್ತಿದ್ದೆವು. ಆಮೇಲೆ ಕಪಿಲ ಅವರು ಒಂದು ಉಪನ್ಯಾಸ ಕೊಟ್ಟು ನಮ್ಮ ಕಣ್ಣು ತೆರೆಸಿದರು. ಜಾಝ್ ಇರುವುದು ಸ್ವರದಲ್ಲಿ ಅಲ್ಲ, ನಿಲುಗಡೆಯಲ್ಲಿ. ಊದುವುದನ್ನು ಯಾವ ಬ್ಯಾಂಡಿನವನೂ ಊದುತ್ತಾನೆ. ಎಲ್ಲಿ ಊದಬಾರದು ಎಂದು ತಿಳಿದವನೇ ಉಸ್ತಾದ. ಅಂದಿನಿಂದ ನಮಗೆ ಚಕ್ರದ ಮೇಲೆ ಭಕ್ತಿ ಬಂತು. ಒಂದು ನಿಯಮವನ್ನೂ ಅಂಗೀಕರಿಸಿದೆವು: ಚಕ್ರ ತಿರುಗುವಾಗ ಸದಸ್ಯರು ಕಣ್ಣು ಮುಚ್ಚಿ ತಲೆದೂಗತಕ್ಕದ್ದು. ಕೆಮ್ಮತಕ್ಕದ್ದಲ್ಲ. "ವಾಹ್" ಎನ್ನುವುದಿದ್ದರೆ ಚಕ್ರ ನಿಲ್ಲುವುದರೊಳಗೆ ಎನ್ನತಕ್ಕದ್ದು.

ಕ್ರಮೇಣ ಘರಾಣೆಗಳೂ ಹುಟ್ಟಿದವು. ಚಿದ್ರಿಯ ನಿಲುಗಡೆ ದೀರ್ಘ, ಗಂಭೀರ. ಮೈಲೂರಿನದು ತುಂಡುತುಂಡು, ಚುರುಕು. ಭಾಲ್ಕಿಯಲ್ಲಿ ಚಕ್ರದ ಜೊತೆಗೆ ಕರೆಂಟೂ ಹೋಗುವುದರಿಂದ ಆ ನಿಲುಗಡೆಯ ಆಳವನ್ನು ಮಾತಿನಲ್ಲಿ ಹೇಳಲಾಗದು. ಪಂಢರಿ ಒಮ್ಮೆ ಸಂಜೆತನಕ ತಲೆದೂಗುತ್ತ ಕೂತಿದ್ದರಂತೆ.

ಸಭೆಗೆ ಒಬ್ಬರು ವಿಶೇಷ ಆಹ್ವಾನಿತರಿದ್ದಾರೆ, ಶಾಕಿರಾ ಬೇಗಂ. ನಮ್ಮ ಓಣಿಯಲ್ಲೇ ರಜಾಯಿ ಹೊಲಿಯುತ್ತಾರೆ. ಅವರ ಯಜಮಾನರು ಅಬ್ದುಲ ಗಫೂರ ಬೀದರಿನ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಬಳಿಕ ಬೊಂಬಾಯಿಗೆ ಹೋಗಿ ದೊಡ್ಡ ಹೋಟೆಲೊಂದರ ಜಾಝ್ ಬ್ಯಾಂಡ್ ಸೇರಿದರು. ಅವರದೇ ಟ್ರಂಪೆಟ್ಟನ್ನು ಬೇಗಂ ಮಂಡಳಿಗೆ ಕೊಟ್ಟಿದ್ದು, ನಮ್ಮ ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿದೆ. ಮಂಡಳಿಗೆ ಮರ್ಯಾದೆ ಎನ್ನುವುದು ಏನಾದರೂ ಇದ್ದರೆ ಅದು ಆ ಪೆಟ್ಟಿಗೆಯಿಂದ.

ಗಫೂರ ಸಾಹೇಬರು ಊದಿದ್ದರಲ್ಲಿ ಉಳಿದಿರುವುದು ಒಂದೇ ಒಂದು ಧ್ವನಿಮುದ್ರಣ. ಹೋಟೆಲಿನಲ್ಲಿ ಯಾರೋ ಟೇಪು ಮಾಡಿಕೊಂಡದ್ದು ಕೈಯಿಂದ ಕೈಗೆ ಹೋಗಿ ಪರದೇಶದ ಸಂಗ್ರಾಹಕನೊಬ್ಬನ ಜಾಲತಾಣ ಸೇರಿದೆ. ಅಲ್ಲಿಯೇ ಕೂತು ಕೇಳಬೇಕು, ಇಳಿಸಿಕೊಳ್ಳಲು ಬರುವುದಿಲ್ಲ. ಕಪಿಲ ಅವರು ಪತ್ರ ಬರೆದು ಮಂಡಳಿಯ ಹೆಸರಿಗೆ ಒಂದು ಖಾತೆ ತೆರೆಸಿದರು. ಅದರ ಪಾಸ್‌ವರ್ಡ್ ಕಾರ್ಯದರ್ಶಿಯ ತಲೆಯಲ್ಲಿದೆ, ಬೇರೆಲ್ಲಿಯೂ ಇಲ್ಲ. ಅದನ್ನು ಮೊಬೈಲಿನಲ್ಲಿ ತೆರೆಯುವುದನ್ನು ನಿಯಮಾವಳಿ ನಿಷೇಧಿಸುತ್ತದೆ. ಜಾಝ್ ಸಭೆಯ ಸ್ವತ್ತು, ಒಬ್ಬರ ಕಿವಿಯದಲ್ಲ.

ಹಾಡಿನ ಕೊನೆಯ ಭಾಗದಲ್ಲಿ ಗಫೂರ ಸಾಹೇಬರು ಒಂದು ಉದ್ದನೆಯ ಸ್ವರ ಹಿಡಿಯುತ್ತಾರೆ. ಸರಿಯಾಗಿ ಅಲ್ಲಿಗೆ ಚಕ್ರ ತಿರುಗತೊಡಗುತ್ತದೆ. ಚಿದ್ರಿಯಲ್ಲಿ ಆ ಚಕ್ರ ನಿಂತದ್ದೇ ಇಲ್ಲ. ಒಂದಿಷ್ಟು ಹೊತ್ತಿಗೆ "ಮತ್ತೆ ಪ್ರಯತ್ನಿಸಿ" ಎಂದು ಬರೆದುಕೊಂಡು ಹಾಡು ಮೊದಲಿಗೆ ಮರಳುತ್ತದೆ. ಅದೇ ಅಂತ್ಯವೆಂದು ಮಂಡಳಿಯ ನಿಲುವು. ನಾವು ಮೂವರೂ ಅಲ್ಲಿ ಕಣ್ಣು ಮುಚ್ಚಿ ತೂಗುತ್ತೇವೆ. ಬೇಗಂ ಮಾತ್ರ ಕಣ್ಣು ಬಿಟ್ಟುಕೊಂಡು ಚಕ್ರವನ್ನೇ ನೋಡುತ್ತ ಕೂಡುತ್ತಿದ್ದರು. ಒಂದು ದಿನವೂ ತಲೆದೂಗಿದವರಲ್ಲ.

"ಅವರು ಹಿಂಗ ನಿಲ್ತಿದ್ದಿಲ್ರಿ, ಭಾಯಿ," ಎಂದರು ಒಂದು ರವಿವಾರ. "ಒಮ್ಮೆ ಉಸಿರು ಹಿಡಿದ್ರ ಬಿಡೂ ಮನಷ್ಯಾನೇ ಅಲ್ಲ."

ಕಪಿಲ ಸಹಾನುಭೂತಿಯಿಂದ ನಕ್ಕರು. "ಬೇಗಂ ಸಾಹೇಬಾ, ನೀವು ಅವರ ಮನಿಯವರ್ರಿ. ರಸಿಕರಲ್ಲ."

"ಇರಲಿರಿ. ಆದ್ರ ಆ ಸ್ವರ ಮುಗದ ಮ್ಯಾಲ ಇನ್ನೂ ಒಂದದ. ರಜಾ ಮ್ಯಾಲ ಮನಿಗೆ ಬಂದಾಗ ಅವರೇ ಹೇಳಿದ್ರು, ಆಖರಿಗೆ ನಿನ್ನ ಹೆಸರು ತಗೊಂಡೇನಿ, ಟೇಪಿನಾಗ ಅದ, ಒಂದಿನ ತಂದು ಕೇಳಸ್ತೇನಿ ಅಂತ. ಟೇಪ ತರೂದರಾಗ ಅವರೇ ಹೋಗಿಬಿಟ್ರು." ಬೇಗಂ ಸೆರಗಿನಿಂದ ಮೂಗು ಒರೆಸಿಕೊಂಡರು. "ನನಗೂ ವಯಸ್ಸಾತು. ಒಂದೇ ಒಂದ ಸಲ ಆಖರಿತನಕ ಕೇಳಬೇಕಂತ ಜೀವ ಒದ್ದಾಡ್ತದ್ರಿ."

ಮಂಡಳಿ ಕಲ್ಲುಹೃದಯದ್ದಲ್ಲ. ವೇಗ ಹೆಚ್ಚಿಸಿಕೊಡಬೇಕೆಂದು ನಾನೇ ಹೋಗಿ ಮಾಂಜ್ರಾ ತೂಫಾನ್ ನೆಟ್ ಕಂಪನಿಯ ವ್ಯವಸ್ಥಾಪಕ ಸುಮಿತನನ್ನು ಕಂಡೆ. ಸಭ್ಯ ಹುಡುಗ. ಚಹಾ ತರಿಸಿದ.

"ನೂರು ಎಂ.ಬಿ. ಅಂತ ಹೇಳಿ ಲೈನ್ ಕೊಟ್ಟೀರಿ. ಹಾಡು ಮುಂದಕ್ಕ ಹೋಗವಲ್ದು," ಎಂದೆ.

"ಅಂಕಲ್, ವೇಗದ ಟೆಸ್ಟ್ ಮಾಡಿ ನೋಡಿರೇನು?"

"ನೋಡೇನಿ. ಟೆಸ್ಟಿನಾಗ ನೂರು ಬರ್ತದ."

"ಮತ್ತ! ನೂರೂ ಟೆಸ್ಟಿಗೇ ಕೊಡ್ತೇವ್ರಿ. ಗಿರಾಕಿಗಳು ನೋಡೂದು ಅದನ್ನೇ. ಹಾಡಿಗೆ ಎಲ್ಲಿಂದ ತರೂದು?"

ಲೆಕ್ಕ ಸರಿಯಾಗಿಯೇ ಇತ್ತು. ನಾನು ಒಪ್ಪಿ ಚಹಾ ಕುಡಿದೆ. ಮಾತಿಗೆ ಮಾತು ಬಂದು ನಿಲುಗಡೆಯ ಸಿದ್ಧಾಂತವನ್ನೂ ಘರಾಣೆಗಳನ್ನೂ ವಿವರಿಸಿದೆ. ಸುಮಿತ ಕಪ್ಪು ಕೆಳಗಿಟ್ಟು ಮೊಬೈಲಿನಲ್ಲಿ ಏನೇನೋ ಬರೆದುಕೊಂಡ. ಅವನ ಕಣ್ಣಲ್ಲಿ ನೀರು ಬಂದಿತ್ತು. ಸಂಗೀತದ ಬಗ್ಗೆ ಈ ವಯಸ್ಸಿನವರಿಗೆ ಇಷ್ಟು ಆಸ್ಥೆ ಇರುವುದು ಅಪರೂಪ.

ಹದಿನೈದು ದಿನದೊಳಗೆ ಊರ ತುಂಬ ಈ ಪ್ರಕಟಣೆ ಅಂಟಿತು:

"ಸಮಸ್ತ ಗ್ರಾಹಕರಿಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಮನೆಗಳಲ್ಲಿ ಕಾಣಿಸಿಕೊಳ್ಳುತ್ತಿರುವ ನಿಲುಗಡೆಯು ದೋಷವಲ್ಲ, ಜಿಲ್ಲೆಯ ಪರಂಪರೆ ಎಂದು ತಜ್ಞರ ಮಂಡಳಿಯು ದೃಢಪಡಿಸಿರುತ್ತದೆ. ಆದ್ದರಿಂದ ಮುಂದಿನ ತಿಂಗಳಿನಿಂದ ‘ಪಾರಂಪರಿಕ ವೇಗ ಯೋಜನೆ’ ಜಾರಿಗೆ ಬರುವುದು. ನಿಲುಗಡೆಗೆ ಪ್ರತ್ಯೇಕ ಶುಲ್ಕ ಆಕರಿಸಲಾಗುವುದು. ನಿಲುಗಡೆ ಬೇಡವಾದವರು ಬೇಡವೆಂಬುದಕ್ಕೆ ಸಕಾರಣ ತೋರಿಸಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯನ್ನು ಇಂಟರ್ನೆಟ್ ಮೂಲಕ ಮಾತ್ರ ಸ್ವೀಕರಿಸಲಾಗುವುದು."

ತಜ್ಞರ ಮಂಡಳಿ ಎಂದರೆ ನಾವೇ. ಜೀವಮಾನವೆಲ್ಲ ಸರಕಾರಿ ಪ್ರಕಟಣೆ ಬರೆದ ನನಗೆ, ಮೊದಲ ಸಲ ಒಂದು ಪ್ರಕಟಣೆಯಲ್ಲಿ ನನ್ನ ಪ್ರಸ್ತಾಪ ಬಂತಲ್ಲ ಎಂದು ಎದೆ ತುಂಬಿ ಬಂತು. ಜನ ಮೊದಲು ಗೊಣಗಿದರು. ಆದರೆ ದುಡ್ಡು ಕಟ್ಟಿದ ಮೇಲೆ ನಿಲುಗಡೆಯ ಬೆಲೆ ಅವರಿಗೂ ತಿಳಿಯಿತು. ಎದುರುಮನೆಯವನ ಚಕ್ರ ತನ್ನದಕ್ಕಿಂತ ಹೆಚ್ಚು ಹೊತ್ತು ತಿರುಗುತ್ತದೆ ಎಂದು ಜಗಳವಾಡಿದವರೂ ಉಂಟು. ಭಾಲ್ಕಿಯಲ್ಲಿ ಪಂಢರಿಯ ಬ್ಯಾಂಡು ಮದುವೆ ಮೆರವಣಿಗೆಯ ನಟ್ಟನಡುವೆ ಊದುವುದನ್ನು ನಿಲ್ಲಿಸಿ ಕಲ್ಲಿನಂತೆ ನಿಲ್ಲತೊಡಗಿತು. ವರ ಕುದುರೆಯ ಮೇಲೆ ಬಿಸಿಲಿನಲ್ಲಿ ಬೆವರುತ್ತ ಕೂತಿರುತ್ತಾನೆ, ಬೀಗರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಊದಿದ್ದಕ್ಕೆ ಒಂದು ದರ, ನಿಂತದ್ದಕ್ಕೆ ಒಂದೂವರೆ. ಕುದುರೆಯ ಬಾಡಿಗೆ ಬೇರೆ.

ಇಷ್ಟೆಲ್ಲ ಏಳಿಗೆಯ ನಡುವೆ ಶಾಕಿರಾ ಬೇಗಂ ಅವರೊಬ್ಬರು ಸಪ್ಪಗಿದ್ದರು. ಒಂದು ರವಿವಾರ ಸಭೆಗೆ ತಮ್ಮ ಜೊತೆ ಇನ್ನೊಬ್ಬ ಹೆಂಗಸನ್ನು ಕರೆತಂದರು. ಔರಾದ ತಾಲೂಕಿನ ಜನಾಬಾಯಿ. ಕುರಿ ಸಾಕುತ್ತಾರೆ, ಚಿದ್ರಿಗೆ ಕಂಬಳಿ ಮಾರಲು ಬಂದಾಗ ಬೇಗಂ ಮನೆಯಲ್ಲೇ ಚಹಾ.

"ಹೇಳು ಅಕ್ಕಾ, ನನಗ ಹೇಳಿದ್ದು ಇವರಿಗೂ ಹೇಳು," ಎಂದರು ಬೇಗಂ.

"ಏನಿಲ್ರಿ ಸಾಹೇಬರ," ಎಂದರು ಜನಾಬಾಯಿ. "ಪಂಚಾಯ್ತಿಗೆ ಇಂಟರ್ನೆಟ್ಟಿನ ಡಬ್ಬಿ ಬಂತ್ರಿ. ಪಂಚಾಯ್ತಿ ಕಟ್ಟಡ ಕಾಗದದಾಗ ಎದ್ದು ನಿಂತದ, ನೆಲದ ಮ್ಯಾಲ ಇನ್ನಾ ಏಳಬೇಕ್ರಿ. ಡಬ್ಬಿ ಬಡಿಲಾಕ ಗ್ವಾಡಿ ಬೇಕಲ್ರಿ? ನಮ್ಮ ಕುರಿ ಕೊಟ್ಟಗಿ ಗ್ವಾಡಿಗಿ ಬಡದು ಹೋಗ್ಯಾರ. ಊರಾಗ ಮತ್ಯಾರಿಗೂ ಲೈನ್ ಕೊಟ್ಟಿಲ್ಲ. ಡಬ್ಬಿ ಬೆಚ್ಚಗಿರ್ತದ, ಅದರ ಬುಡಕ ಮರಿ ಮಲಗ್ತಾವ. ನನ್ನ ಸೊಸಿ ಅಲ್ಲೇ ಕುಂತು ಸೀರಿಯಲ್ ನೋಡ್ತಾಳ. ಒಮ್ಮ್ಯೂ ಚಕ್ರ ತಿರಗಿಲ್ಲ ನೋಡ್ರಿ."

ಜಿಲ್ಲೆಯ ಅತಿ ವೇಗದ ಇಂಟರ್ನೆಟ್ ಕುರಿಗಳ ಸ್ವಾಧೀನದಲ್ಲಿತ್ತು.

"ಅಲ್ಲಿ ಹೋಗಿ ಕೇಳೂಣು," ಎಂದರು ಬೇಗಂ.

"ಕುರಿ ಕೊಟ್ಟಗ್ಯಾಗ ಸಭೆ ಸೇರಲಾಕ ನಿಯಮದಾಗ ಅವಕಾಶ ಇಲ್ರಿ," ಎಂದೆ.

ಬೇಗಂ ಎದ್ದು ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. "ಈ ಬಾಜಾ ನಂದದ, ಭಾಯಿ. ನೀವು ಬರೂದಿಲ್ಲಂದ್ರ ಇವತ್ತೇ ಒಯ್ತೇನಿ. ಅದರ ಜಾಗಾಕ್ಕ ನಿಮ್ಮ ಚಕ್ರ ಇಟ್ಕೊಳ್ರಿ."

ಪರಿಸ್ಥಿತಿಯ ತುರ್ತು ಮನಗಂಡು, ನಿಯಮಾವಳಿಯ ಪ್ರಕಾರ ಕುರಿ ಕೊಟ್ಟಿಗೆಯನ್ನು ಒಂದು ದಿನದ ಮಟ್ಟಿಗೆ ಗ್ರಾಮ ಪಂಚಾಯಿತಿ ಸಭಾಭವನವೆಂದು ಪರಿಗಣಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಪಂಚಾಯಿತಿಯ ದಾಖಲೆಯಲ್ಲಿಯೂ ಅದು ಹಾಗೆಯೇ ಇತ್ತು.

ಮುಂದಿನ ರವಿವಾರ ಪಂಢರಿಯ ಸ್ಪೀಕರ್ ಗಾಡಿಯಲ್ಲಿ ಎಲ್ಲರೂ ಔರಾದ ಕಡೆ ಹೊರಟೆವು. ಬೇಗಂ ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟಿದ್ದರು, ಅತ್ತರು ಹಚ್ಚಿಕೊಂಡಿದ್ದರು. ಅದರ ಪರಿಮಳ ಕೊಟ್ಟಿಗೆಯ ಬಾಗಿಲಿನತನಕ ಬಂತು, ಆಮೇಲೆ ಕುರಿಗಳದೇ ರಾಜ್ಯ. ಜನಾಬಾಯಿ ಕುರಿಹಿಕ್ಕೆ ಗುಡಿಸಿ ಕಂಬಳಿ ಹಾಸಿದರು. ಗೋಡೆಯ ಮೇಲೆ ಡಬ್ಬಿ ಹಸಿರು ದೀಪ ಮಿಣುಕಿಸುತ್ತಿತ್ತು, ಕೆಳಗೆ ಎರಡು ಮರಿ ಒಂದರ ಮೇಲೊಂದು ಮಲಗಿದ್ದವು. ಪಂಢರಿ ಸ್ಪೀಕರನ್ನು ಮೇವಿನ ದೋಣಿಯ ಮೇಲೆ ಇಟ್ಟರು. ನಾನು ಎಲ್ಲರಿಗೂ ಬೆನ್ನು ತಿರುಗಿಸಿ, ಒಂದು ಟಗರಿನ ಕಣ್ಣೆದುರಿಗೆ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಹಾಕಿದೆ.

ಹಾಡು ಶುರುವಾಯಿತು. ಮಾಮೂಲು ಜಾಗದಲ್ಲಿ ಗಫೂರ ಸಾಹೇಬರು ಆ ಉದ್ದನೆಯ ಸ್ವರ ಹಿಡಿದರು. ನಾವು ಮೂವರೂ ನಿಯಮದಂತೆ ಕಣ್ಣು ಮುಚ್ಚಿದೆವು.

ಸ್ವರ ನಿಲ್ಲಲಿಲ್ಲ.

ಏನು ಮಾಡಬೇಕೆಂದು ನಿಯಮಾವಳಿಯಲ್ಲಿ ಇರಲಿಲ್ಲ. ಮುಚ್ಚಿದ ಕಣ್ಣು ಮುಚ್ಚಿಕೊಂಡೇ ಇದ್ದೆವು. ಸ್ವರ ಹಾಗೇ ಮುಂದೆ ಹೋಯಿತು, ಇಳಿಯಿತು, ಹೊರಳಿತು, ಮತ್ತೆ ಏರಿತು, ಉಸಿರು ಮಾತ್ರ ಕಡಿಯಲಿಲ್ಲ. ಸಾಕು ಮಾರಾಯ, ಉಸಿರು ತಗೋ ಎಂದು ನನಗೇ ಎದೆ ಬಿಗಿಯತೊಡಗಿತು. ಕಣ್ಣು ತೆರೆದು ನೋಡಿದರೆ ಕುರಿಗಳು ಮೆಲುಕು ಹಾಕುವುದನ್ನು ಬಿಟ್ಟು ಸ್ಪೀಕರ್ ಕಡೆ ನೋಡುತ್ತಿದ್ದವು. ಕೊನೆಗೆ ಸ್ವರ ತಾನಾಗಿಯೇ ಕೆಳಗಿಳಿದು ಮುಗಿಯಿತು. ನಾಲ್ಕಾರು ಜನರ ಚಪ್ಪಾಳೆ, ಕುರ್ಚಿ ಎಳೆದ ಸದ್ದು. ಆಮೇಲೆ ಏದುಸಿರು ಬಿಡುತ್ತಿದ್ದ ಒಬ್ಬ ಹರೆಯದ ಗಂಡಸಿನ ದನಿ, ಮೈಕಿಗೆ ಬಾಯಿ ಹಚ್ಚಿ, ನಮ್ಮ ಬೀದರಿನ ದಖನಿಯಲ್ಲಿ ಕೇಳಿತು:

"ಶಾಕಿರಾ, ಸುನೀ ಕ್ಯಾ?"

ಕೇಳಿದೆಯಾ ಎಂದು. ಅಷ್ಟೇ. ಟೇಪು ಮುಗಿಯಿತು.

ಬೇಗಂ ತಲೆಯ ಮೇಲೆ ಸೆರಗು ಎಳೆದುಕೊಂಡರು, ಯಜಮಾನರು ಮನೆಯೊಳಗೆ ಬಂದಾಗ ಎಳೆದುಕೊಳ್ಳುವ ಹಾಗೆ. "ಹೌ ಜೀ," ಎಂದರು. "ಸುನೀ."

ಜನಾಬಾಯಿ ಅಳುತ್ತಿದ್ದರು. ಪಂಢರಿ ವಯರು ಸುತ್ತುವ ನೆಪದಲ್ಲಿ ದೋಣಿಯ ಹಿಂದೆ ಕೂತರು. ಮೊದಲು ಚೇತರಿಸಿಕೊಂಡವರು ಅಧ್ಯಕ್ಷರೇ.

"ಒಂದೂ ನಿಲುಗಡೆ ಇಲ್ಲ," ಎಂದರು ಕಪಿಲ. "ಇದು ಗಫೂರ ಸಾಹೇಬರದಲ್ಲ. ನಕಲಿ."

"ಹೆಸರು ಹಿಡದು ಕರದಾನಲ್ರಿ ಯಪ್ಪಾ!" ಎಂದರು ಜನಾಬಾಯಿ.

"ಬೊಂಬಾಯಿದಾಗ ಶಾಕಿರಾ ಅನ್ನೂವರು ಸಾವಿರ ಮಂದಿ ಇರಬಹುದು. ಇದು ಖರೇ ಅಂತ ಒಪ್ಪಿದ್ರ ಮಂಡಳಿ ಇಷ್ಟು ವರ್ಷ ತಲಿ ತೂಗಿದ್ದು ಯಾತಕ್ಕ? ಜನ ದುಡ್ಡು ಕಟ್ಟಿದ್ದು ಯಾತಕ್ಕ? ಪಂಢರಿಯವರ ಬ್ಯಾಂಡು ನಿಂತದ್ದು ಯಾತಕ್ಕ?"

ಮೂರೂ ಪ್ರಶ್ನೆಗಳು ಸಮಂಜಸವಾಗಿದ್ದವು. ಸದರಿ ಧ್ವನಿಮುದ್ರಣವು ನಿಲುಗಡೆಗಳಿಂದ ವಂಚಿತವಾಗಿದ್ದು ನಕಲಿಯೆಂದು ಘೋಷಿಸಲಾಗಿದೆ, ಹಾಗೂ ಔರಾದ ಭಾಗದ ಹೆಚ್ಚುವರಿ ವೇಗದಿಂದ ಪರಂಪರೆಗೆ ಆಗುತ್ತಿರುವ ಧಕ್ಕೆಯನ್ನು ಕಂಪನಿಯ ಗಮನಕ್ಕೆ ತರತಕ್ಕದ್ದು ಎಂದು ಠರಾವಾಯಿತು. ಕೊಟ್ಟಿಗೆಯ ಘಾಟಿಗೆ ನನ್ನ ಕಣ್ಣಲ್ಲಿ ಒಂದೇ ಸಮನೆ ನೀರು ಸುರಿಯುತ್ತಿದ್ದುದರಿಂದ ಠರಾವನ್ನು ಕಪಿಲ ಅವರೇ ಬರೆದರು. ಬೇಗಂ ವಿರೋಧಿಸುತ್ತಾರೆಂದು ನಾವು ಹೆದರಿದ್ದೆವು. ಅವರು ಸಾಕ್ಷಿಯಾಗಿ ಸಹಿ ಹಾಕಲು ತಾವೇ ಕೈ ಚಾಚಿದರು.

"ನಿಮಗ ಹ್ಯಾಂಗ ಬೇಕೋ ಹಂಗ ಬರಕೊಳ್ರಿ, ಭಾಯಿ," ಎಂದರು. "ನಂದೇನೂ ತಕರಾರಿಲ್ಲ."

ಪಂಚಾಯಿತಿಗಳಿಗೆ ತಂತಿ ಎಳೆಯುವ ಗುತ್ತಿಗೆಯೂ ತೂಫಾನ್ ನೆಟ್ಟಿನದೇ ಆಗಿತ್ತು. ಸುಮಿತ ಅತ್ಯಂತ ವಿಷಾದದಿಂದ ಉತ್ತರ ಕಳಿಸಿದ: ಔರಾದಿನಲ್ಲಿ ಕಂಪನಿಯ ಕಣ್ತಪ್ಪಿನಿಂದ ಪೂರ್ತಿ ವೇಗ ಪೂರೈಕೆಯಾಗಿದೆ, ಸಂಬಂಧಪಟ್ಟ ನೌಕರನ ಮೇಲೆ ಕ್ರಮ ಜರುಗಿಸಿ ವೇಗವನ್ನು ಪಾರಂಪರಿಕ ಮಟ್ಟಕ್ಕೆ ಇಳಿಸಲಾಗಿದೆ, ಮತ್ತೆ ಇಂಥ ಅಚಾತುರ್ಯ ನಡೆಯುವುದಿಲ್ಲ. ಈಗ ಜನಾಬಾಯಿಯ ಸೊಸೆಗೂ ಸೀರಿಯಲ್ ನಡುವೆ ಚಕ್ರ ಕಾಣುತ್ತದೆ. ಡಬ್ಬಿ ತಣ್ಣಗಾಗಿ ಮರಿಗಳು ಬೇರೆ ಮೂಲೆಗೆ ಹೋಗಿವೆ. ಅದರ ಹೊರತು ಯಾರ ದೂರೂ ಇಲ್ಲ.

ವೇಗ ಇಳಿಸಿದ ಸುದ್ದಿಯನ್ನು ಬೇಗಂಗೆ ನಾನೇ ಹೋಗಿ ತಿಳಿಸಿದೆ. ರಜಾಯಿಗೆ ಹೊಲಿಗೆ ಹಾಕುತ್ತಿದ್ದರು.

"ಇನ್ನ ಅದನ್ನ ಕೇಳಲಾಕ ಆಗೂದಿಲ್ರಿ, ಬೇಗಂ ಸಾಹೇಬಾ," ಎಂದೆ.

ಅವರು ಹಲ್ಲಿನಿಂದ ದಾರ ಕಡಿದರು. "ಅವರು ಕೇಳಿದ್ರು, ನಾ ಜವಾಬ ಕೊಟ್ಟೆ. ಮತ್ತ ಮತ್ತ ಕೇಳೂ ಮನಷ್ಯಾ ಅಲ್ರಿ ಅವರು. ಕೂಡ್ರಿ ಭಾಯಿ, ಚಹಾ ಮಾಡ್ತೇನಿ."

ಕಳೆದ ರವಿವಾರದ ಸಭೆಗೆ ಬೇಗಂ ಎಂದಿನಂತೆ ಬಂದಿದ್ದರು. ವೇಗದ ಚರ್ಚೆ ಬೇಗ ಮುಗಿಯಿತು, ಎಲ್ಲ ಕಡೆಯೂ ಈಗ ಒಂದೇ ಆಗಿರುವುದರಿಂದ. ಗಫೂರ ಸಾಹೇಬರ ಹಾಡು ಹಾಕಿದೆವು. ಉದ್ದನೆಯ ಸ್ವರ ಬಂತು, ಚಕ್ರ ತಿರುಗಿತು, ಮೂವರೂ ತೂಗತೊಡಗಿದೆವು. ಯಾಕೋ ನನಗೆ ಅರೆಗಳಿಗೆ ಕಣ್ಣು ತೆರೆಯಬೇಕೆನಿಸಿತು. ತೆರೆದೆ. ಶಾಕಿರಾ ಬೇಗಂ ಕಣ್ಣು ಮುಚ್ಚಿಕೊಂಡಿದ್ದರು. ಇಷ್ಟು ವರ್ಷದಲ್ಲಿ ಮೊದಲ ಬಾರಿ ಅವರ ತಲೆ ಮೆಲ್ಲಗೆ ತೂಗುತ್ತಿತ್ತು. ತಕ್ಕಷ್ಟು ಹೊತ್ತು ಹಾಗೇ ತೂಗಿ, ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು, ತುಟಿ ಅಲುಗಿಸಿ ಏನೋ ಅಂದರು. ಎರಡೇ ಮಾತು.

ಕಪಿಲ ಅವರೂ ಅದನ್ನು ಗಮನಿಸಿದ್ದರು. "ಕಡೀಕೂ ಬೇಗಂ ಅವರಿಗೆ ಜಾಝ್ ತಿಳೀತು," ಎಂದು ಸಂತೋಷದಿಂದ ನನ್ನ ಕಿವಿಯಲ್ಲಿ ಹೇಳಿದರು. ಪಂಢರಿ ಅನುಮೋದಿಸಿದರು. ನಾನು ಅದನ್ನು ನಡಾವಳಿಯಲ್ಲಿ ಬರೆದುಕೊಂಡೆ.

ಬೀದರ ಜಿಲ್ಲೆಯಲ್ಲಿ ಜಾಝ್ ಸಂಗೀತದ ರಸಿಕರು ಈಗ ನಾಲ್ಕು ಜನ ಇದ್ದಾರೆ.